ಲಾಭ ಅಂದಾಗ ಗುಂಡಿ ಒತ್ತಿ

ಕೊಳ್ಳೇಗಾಲ

ಆಸ್ಟ್ರೇಲಿಯಾಕ್ಕೆ ಹೋಗಿ ಬಂದೆ ಅಂದರೆ ನಮ್ಮ ಬೀದಿಯವರು ಮೊದಲು ಕೇಳುವುದು ಕಾಂಗರೂ ನೋಡಿದೆಯಾ ಅಂತ. ನೋಡಿದೆ. ಆದರೆ ನಾನು ಹೋದದ್ದು ಅದಕ್ಕಲ್ಲ, ರಟ್ಟಿನ ರಾಕೆಟ್ಟೊಂದನ್ನು ಆಕಾಶದಿಂದ ಮೆತ್ತಗೆ ಇಳಿಸುವುದಕ್ಕೆ. ಹೀಗೆಂದರೆ ಕೇಳಿದವರು ನನ್ನ ಮುಖ ನೋಡುತ್ತಾರೆ, ಆಮೇಲೆ ನನ್ನ ಹೆಂಡತಿಯ ಮುಖ ನೋಡುತ್ತಾರೆ. ಅವಳು ಹೌದೆಂದು ತಲೆಯಾಡಿಸಿದ ಮೇಲೆಯೇ ನಂಬುವುದು. ಒಬ್ಬೊಬ್ಬರಿಗೂ ಹೇಳಿ ಸಾಕಾಗಿ ಈಗ ಒಂದೇ ಸಲ ಬರೆದಿಡುತ್ತಿದ್ದೇನೆ.

ನಾನು ನೇಕಾರ, ಹೆಸರು ರಾಮಲಿಂಗಪ್ಪ. ನಲವತ್ತು ವರ್ಷದಿಂದ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ರೇಷ್ಮೆ ಸೀರೆ ನೇಯ್ದವನು. ಹಿಂದಿನ ವರ್ಷ ಬಿಳಿಗಿರಿರಂಗನ ಬೆಟ್ಟಕ್ಕೆ ಹಕ್ಕಿ ನೋಡಲು ಬಂದಿದ್ದ ಆಸ್ಟ್ರೇಲಿಯಾದ ಮುದುಕನೊಬ್ಬ ಬಸ್ಸು ತಪ್ಪಿಸಿಕೊಂಡು ಮಾಂಬಳ್ಳಿಯಲ್ಲಿ ಗುರುಮಲ್ಲಪ್ಪನ ಜಗಲಿಯ ಮೇಲೆ ಕೂತಿದ್ದನಂತೆ. ಗುರುಮಲ್ಲಪ್ಪ ನನ್ನ ಶಾಲೆಯ ಗೆಳೆಯ. ಅವನದು ಭತ್ತ, ರಾಗಿಯ ಮಂಡಿ. ಜೊತೆಗೆ ಎರಡೆಕರೆ ಹಿಪ್ಪುನೇರಳೆ, ಮನೆ ತುಂಬ ರೇಷ್ಮೆ ಹುಳು. ಮುದುಕ ಗೂಡನ್ನು ಕೈಯಲ್ಲಿ ಹಿಡಿದು, ಇದು ಬಟ್ಟೆಯಾಗುವುದೆಲ್ಲಿ ಎಂದು ಕೇಳಿದ. ಗುರುಮಲ್ಲ ಅವನನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ನೇರ ನಮ್ಮ ಮನೆಗೆ ತಂದ.

"ಲೇ ಲಿಂಗ, ಇವ್ರು ಕೀತ್ ಅಂತ. ಅವರೂರಲ್ಲಿ ಪ್ಲಂಬರ್ ಆಗಿದ್ರಂತೆ, ಈಗ ರಾಕೆಟ್ ಬುಡ್ತಾರಂತೆ. ಏನೋ ಬಟ್ಟೆ ಬೇಕಂತೆ, ನೋಡ್ಲಾ," ಎಂದ.

ಕೀತ್ ಹೇಳಿದ್ದನ್ನು ನನ್ನ ಅರೆಬರೆ ಇಂಗ್ಲಿಷಿಗೆ ಎಟುಕಿದಷ್ಟು ಹೇಳುತ್ತೇನೆ. ಅವನ ದೇಶದಲ್ಲಿ ರಾಕೆಟ್ಟಿನ ಬಿಡಿಭಾಗಗಳು ಪೆಟ್ಟಿಗೆಯಲ್ಲಿ ಸಿಗುತ್ತವೆ. ಮನೆಯಲ್ಲಿ ಅಂಟಿಸಿ, ಜೋಡಿಸಿ, ಬಯಲಿಗೆ ಒಯ್ದು ಹಾರಿಸುತ್ತಾರೆ. ಚಿಕ್ಕದನ್ನು ಯಾರು ಬೇಕಾದರೂ ಹಾರಿಸಬಹುದು. ಆಳುದ್ದ ಮೀರಿದ, ದೊಡ್ಡ ಮದ್ದಿನದು ಬೇಕೆಂದರೆ ಸರ್ಟಿಫಿಕೇಟು ಬೇಕು. ಪರೀಕ್ಷಕನ ಕಣ್ಣೆದುರು ರಾಕೆಟ್ಟು ಮೇಲೆ ಹೋಗಿ, ಪ್ಯಾರಾಚೂಟು ಬಿಚ್ಚಿ, ಮುಕ್ಕಾಗದೆ ಕೆಳಗೆ ಬಂದರೆ ಪಾಸು. ಕೀತ್ ಎರಡು ಸಲ ಫೇಲಾಗಿದ್ದ. ಒಮ್ಮೆ ನೈಲಾನು ಬಿಸಿಗೆ ಕರಗಿ ಮುದ್ದೆಯಾಯಿತು, ಇನ್ನೊಮ್ಮೆ ಹಗ್ಗಕ್ಕೆ ಸುತ್ತಿಕೊಂಡಿತು. ಎರಡು ಸಲವೂ ರಾಕೆಟ್ಟು ನೆಲಕ್ಕೆ ಗೂಟ ಹೊಡೆದ ಹಾಗೆ ನಾಟಿಕೊಂಡಿತಂತೆ. ಅವನಿಗೀಗ ಎಪ್ಪತ್ತಾರು. ಕೈ ನಡುಗುತ್ತದೆ. ಮೂರನೆಯ ಸಲವೂ ಫೇಲಾದರೆ ಶೆಡ್ಡು ಖಾಲಿ ಮಾಡಿ ತನ್ನ ಮಡಕೆ ಸುಡುವ ಒಲೆಗೆ ಬಿಟ್ಟುಕೊಡಬೇಕು ಎಂದು ಹೆಂಡತಿ ಮೊರೀನ್ ಹೇಳಿದ್ದಳು, ಅವನು ಒಪ್ಪಿ ಮಾತು ಕೊಟ್ಟಿದ್ದ.

"ಹಳೇ ಕಾಲದ ಪ್ಯಾರಾಚೂಟೆಲ್ಲ ರೇಷ್ಮೆಯದೇ," ಎಂದ. "ನನಗೆ ಹಳದಿ ಬಣ್ಣದ ಸಾದಾ ಬಟ್ಟೆ ನೇಯ್ದುಕೊಡು."

ಸಾದಾ ಅಂದರೆ ಅಂಚಿಲ್ಲದ್ದು. ಅಂಚಿಲ್ಲದೆ ನೇಯಲು ನನ್ನ ಕೈಗೆ ಬರುವುದಿಲ್ಲ. ಅರಿಶಿನದ ಬಣ್ಣಕ್ಕೆ ಬೆರಳಗಲದ ಕೆಂಪು ಅಂಚು ಇಟ್ಟೆ. ನನ್ನ ಹೆಂಡತಿ ಲಲಿತ ಕಾಲು ಮಿಷನ್ನಿನಲ್ಲಿ ಎಂಟು ತುಂಡು ಸೇರಿಸಿ ಹೊಲಿದಳು. "ಇದನ್ನ ಉಟ್ಕೊಳ್ಳೋ ರಾಕ್ಷಸಿ ಯಾರು?" ಎಂದು ಕೇಳಿದಳು. ಫೋಟೊ ಕಂಡ ಕೀತ್, ನೇಯ್ದವನೂ ಹುಳು ಸಾಕಿದವನೂ ಇಬ್ಬರೂ ಬಟ್ಟೆಯ ಜೊತೆಗೇ ಬನ್ನಿ ಎಂದು ಕರೆಸಿಕೊಂಡ.

ಅಡಿಲೇಡ್, ವಿಮಾನ ನಿಲ್ದಾಣ

ಆ ದೇಶಕ್ಕೆ ಹೊರಗಿನ ಕಾಳುಕಡ್ಡಿ, ಸೊಪ್ಪುಸದೆ, ಹುಳುಹುಪ್ಪಟೆ ಏನೂ ಹೋಗಕೂಡದು. ವಿಮಾನದಲ್ಲೇ ಒಂದು ಚೀಟಿ ಕೊಡುತ್ತಾರೆ, ಇರುವುದನ್ನೆಲ್ಲ ಬರೆಯಬೇಕು. "ಏನೂ ಇಲ್ಲ ಅಂತ ಬರೀಲಾ," ಎಂದ ಗುರುಮಲ್ಲ. ಅವನ ಚೀಲದಲ್ಲಿ ಕರಿಬೇವು ಇತ್ತು, ಒಣಗಿದ ಅವರೆಕಾಳಿತ್ತು, ಡಬ್ಬಿ ತುಂಬ ವಿಭೂತಿ ಇತ್ತು. ಇರುವುದನ್ನೆಲ್ಲ ಬರೆದೆ. ಸಾಯುವ ಕಾಲಕ್ಕೆ ಪರದೇಶದ ಜೈಲು ನನಗೆ ಬೇಕಿರಲಿಲ್ಲ.

ಕೈಗೆ ಗವಸು ಹಾಕಿದ ಹುಡುಗಿಯೊಬ್ಬಳು ಕರಿಬೇವನ್ನೂ ಅವರೆಯನ್ನೂ ತೆಗೆದು ಬುಟ್ಟಿಗೆ ಹಾಕಿದಳು. ವಿಭೂತಿಯ ಡಬ್ಬಿ ತೆರೆದು ಇದೇನೆಂದು ಕೇಳಿದಳು. ನನಗೆ ಗೊತ್ತಿದ್ದ ಇಂಗ್ಲಿಷಿನಲ್ಲಿ, ಹಸುವಿನ ಸಗಣಿ ಸುಟ್ಟದ್ದು ಎಂದೆ. ಅವಳು ಡಬ್ಬಿಯನ್ನು ಎರಡು ಬೆರಳಿನಲ್ಲಿ ಎತ್ತಿ ಬೇರೆಯದೇ ಬುಟ್ಟಿಗೆ ಹಾಕಿದಳು.

"ಯಾಕ್ಲಾ ಸಗಣಿ ಅಂದೆ? ಭಸ್ಮ ಅಂದಿದ್ರೆ ಆಯ್ತಿರ್ನಿಲ್ವಾ?" ಎಂದ ಗುರುಮಲ್ಲ.

"ಭಸ್ಮಕ್ಕೆ ಇಂಗ್ಲಿಷ್ನಲ್ಲಿ ಏನಂತಾರೆ, ನೀನೇ ಹೇಳ್ಲಾ."

ಮುಂದೆ ನನ್ನ ಚೀಲದ ಸರದಿ. ಹುಡುಗಿ ಹಳದಿ ಬಟ್ಟೆಯನ್ನು ಮುಟ್ಟಿ, ಎಷ್ಟು ಚೆನ್ನಾಗಿದೆ, ಯಾವುದರಿಂದ ಮಾಡಿದ್ದು ಎಂದಳು. ಹುಳುವಿನ ಉಗುಳಿನಿಂದ ಎಂದೆ. ಅವಳು ಮೇಲಿನವರನ್ನು ಕರೆದಳು. ಬಂದ ಅಧಿಕಾರಿ ಬಟ್ಟೆಯನ್ನು ಬಿಡಿಸಿದ; ಒಂದು ಮೇಜು ಸಾಲದೆ ಪಕ್ಕದ ಮೇಜನ್ನೂ ಎಳೆದರು. ಸಾಲಿನಲ್ಲಿ ನಿಂತಿದ್ದವರು ಅಂಚು ಮುಟ್ಟಿ ಮುಟ್ಟಿ ನೋಡಿದರು. ನನಗೆ ಅಷ್ಟು ಹೊತ್ತಿಗೆ ಹಿಗ್ಗು ಬಂದಿತ್ತು. ಇದು ಯಾವುದಕ್ಕೆ ಎಂದು ಅವನು ಕೇಳಿದ್ದೇ ತಡ, ನೆಟ್ಟಗೆ ನಿಂತು "ರಾಕೆಟ್" ಎಂದೆ.

ವಿಮಾನ ನಿಲ್ದಾಣದಲ್ಲಿ ಆಡಬಾರದ ಮಾತುಗಳು ಯಾವುವೆಂದು ಯಾರಾದರೂ ಒಂದು ಪಟ್ಟಿ ಮಾಡಿ ನಮ್ಮಂಥವರಿಗೆ ಹಂಚಬೇಕು. ನಮ್ಮನ್ನು ಒಂದು ಕೋಣೆಯಲ್ಲಿ ಕೂರಿಸಿದರು. ಹೊರಗೆ ಕಾಯುತ್ತಿದ್ದ ಕೀತನನ್ನು ಕರೆಸಿದರು. ಅವನು ತನ್ನ ಎರಡು ಸೋಲುಗಳ ಕಥೆಯನ್ನೂ ಮೊದಲಿನಿಂದ ಹೇಳಿದ. ಅಧಿಕಾರಿಗೆ ಬೇಸರವಾಗಿಯೋ ಕನಿಕರ ಹುಟ್ಟಿಯೋ ಬಟ್ಟೆಯನ್ನು ವಾಪಸು ಕೊಟ್ಟ.

ಕೀತನ ಶೆಡ್ಡು

ಕೀತನ ಶೆಡ್ಡು ಅವನ ಮನೆಗಿಂತ ಚೊಕ್ಕಟವಾಗಿತ್ತು. ಒಂದೊಂದು ಸ್ಕ್ರೂಡ್ರೈವರಿಗೂ ಗೋಡೆಯ ಮೇಲೆ ಅದರ ಆಕಾರವನ್ನೇ ಬರೆದು ಜಾಗ ಮಾಡಿದ್ದ. ನಮ್ಮಲ್ಲಿ ಮಗ್ಗದ ಲಾಳಿ ಕಾಣದಿದ್ದರೆ ಮೊದಲು ಹೆಂಡತಿಯನ್ನು ಬೈಯುತ್ತೇವೆ, ಆಮೇಲೆ ಅದು ತೊಡೆಯ ಕೆಳಗೆ ಸಿಗುತ್ತದೆ. ಇಲ್ಲಿ ಕಳೆಯುವುದಕ್ಕೇ ಏನೂ ಇರಲಿಲ್ಲ.

ಪೆಟ್ಟಿಗೆ ತೆರೆದಾಗ ಗುರುಮಲ್ಲನಿಗೆ ಭ್ರಮನಿರಸನವಾಯಿತು. ಒಂದು ದಪ್ಪ ಕೊಳವೆ, ಪ್ಲೈವುಡ್ಡಿನ ಮೂರು ರೆಕ್ಕೆ, ಒಂದು ಚೂಪು ಮೂತಿ, ಒಂದಷ್ಟು ಬಳೆಯಂಥ ಉಂಗುರಗಳು, ಹಗ್ಗ. ಕೊಳವೆಗೆ ಬೆರಳಲ್ಲಿ ಟಕಟಕ ಬಡಿದು ನೋಡಿದ. "ರಟ್ಟು ಕಣ್ಲಾ ಇದು. ಸೀರೆ ಸುತ್ತೋ ರಟ್ಟು. ಇದುಕ್ಕಾ ಇಷ್ಟು ದೂರ ಬಂದ್ವಿ?"

ಕೆಲಸ ಮಾತ್ರ ಮಗ್ಗ ಹೂಡಿದಷ್ಟೇ ಸೂಕ್ಷ್ಮ. ಉಂಗುರಗಳನ್ನು ಕೊಳವೆಯೊಳಗೆ ಕೂರಿಸಬೇಕು, ರೆಕ್ಕೆಗಳನ್ನು ಸೀಳಿನಲ್ಲಿ ತೂರಿಸಿ ಒಳಗಿಂದಲೂ ಹೊರಗಿಂದಲೂ ಅಂಟು ಹಚ್ಚಬೇಕು, ಕೂದಲೆಳೆಯಷ್ಟು ಓರೆಯಾದರೂ ರಾಕೆಟ್ಟು ದಾರಿ ತಪ್ಪುತ್ತದೆ. ನಾನು ರೆಕ್ಕೆ ಹಿಡಿದೆ, ಕೀತ್ ಅಂಟು ಹಚ್ಚಿದ. ಆಮೇಲೆ ಒಂದು ದಿನ ಒಂದು ರಾತ್ರಿ ಅದನ್ನು ಮುಟ್ಟಬಾರದು. ಮೂವರೂ ಕುರ್ಚಿ ಹಾಕಿಕೊಂಡು ಅಂಟು ಒಣಗುವುದನ್ನು ನೋಡಿದೆವು. ಪರದೇಶಕ್ಕೆ ಹೋದವರು ಸಮುದ್ರ ನೋಡುತ್ತಾರೆ, ದೊಡ್ಡ ಕಟ್ಟಡ ನೋಡುತ್ತಾರೆ. ನಾವು ಅಂಟು ನೋಡಿದೆವು.

ಹಾಗೆ ನೋಡುತ್ತ ಕೂತಾಗಲೇ ಗುರುಮಲ್ಲ ರೆಕ್ಕೆ ಎಣಿಸಿದ್ದು. "ಮೂರಾ? ಮೂರು ಬ್ಯಾಡ ಕಣ್ಲಾ. ಒಳ್ಳೆ ಕೆಲ್ಸುಕ್ಕೆ ಮೂರು ಜನ ಓಯ್ತಾರಾ ಯಾರಾನಾ?"

ಕೀತ್ ಏನೆಂದು ಕೇಳಿದ, ನಾನು ಹೇಳಿದೆ. ಹೇಳಬಾರದಿತ್ತು. ಅವನು ಚಹಾ ಲೋಟ ಕೆಳಗಿಟ್ಟು, "ಹಿಂದಿನವೆರಡಕ್ಕೂ ಮೂರೇ ರೆಕ್ಕೆ ಇತ್ತು," ಎಂದ. ಆ ದಿನವೆಲ್ಲ ಅವನ ಮುಖ ಬಾಡಿಯೇ ಇತ್ತು. ಕೊನೆಗೆ ಗುರುಮಲ್ಲನೇ ಪರಿಹಾರ ಹೇಳಿದ: "ಮೂತೀನೂ ಸೇರಿಸ್ಕಂಡ್ರೆ ನಾಕಾಯ್ತದೆ ಬುಡು." ಕೀತ್ ಎದ್ದು ಬಂದು ಅವನ ಕೈ ಕುಲುಕಿದ.

ಮೊರೀನ್ ಒಳ್ಳೆಯ ಹೆಂಗಸು. ಬೆಳಿಗ್ಗೆ ಬ್ರೆಡ್ಡಿಗೆ ಕಪ್ಪಗಿನ, ಉಪ್ಪುಪ್ಪಾದ ಮುಲಾಮಿನಂಥದೊಂದು ಸವರಿ ಕೊಡುತ್ತಿದ್ದಳು. ನನಗೆ ಇಳಿಯಲಿಲ್ಲ, ಗುರುಮಲ್ಲ ಹುಣಸೆ ತೊಕ್ಕು ಇದ್ದಂಗೈತೆ ಎಂದು ಅನ್ನಕ್ಕೂ ಕಲೆಸಿಕೊಂಡ. ಆದರೆ ಅವಳು ಶೆಡ್ಡಿನೊಳಗೆ ಕಾಲಿಡುತ್ತಿರಲಿಲ್ಲ. ರಾಕೆಟ್ಟನ್ನು ಈ ಜನ್ಮದಲ್ಲಿ ಮುಟ್ಟುವುದಿಲ್ಲ ಎಂದು ಹೇಳಿದ್ದಳಂತೆ. ಬಾಗಿಲಲ್ಲೇ ನಿಂತು ಚಹಾ ಕೊಡುತ್ತಿದ್ದಳು. ಒಂದು ದಿನ ಕೀತನ ಕೈಗೆ ಅಳತೆ ಟೇಪಿನ ಒಂದು ತುದಿ ಕೊಟ್ಟು, ಆ ಮೂಲೆಯಲ್ಲಿ ಸ್ವಲ್ಪ ಹಿಡಿದುಕೋ ಎಂದಳು. ಹಿಡಿದುಕೊಂಡ. ಅವಳು ಬಾಗಿಲಿಂದಲೇ ಒಲೆಯ ಜಾಗ ಅಳೆದುಕೊಂಡು ಹೋದಳು. ಅವನು ಅಂಟಿನ ಕೈಯನ್ನು ಒರೆಸಿಕೊಂಡು ಮತ್ತೆ ರೆಕ್ಕೆಯ ಮುಂದೆ ಕೂತ. ನನಗೆ ನಿಜವಾಗಿ ಸಂಕಟವಾಯಿತು. ಪ್ಯಾರಾಚೂಟು ಬಿಚ್ಚಿಕೊಳ್ಳಲೇಬೇಕು ಎಂದು ಹಠ ಹುಟ್ಟಿದ್ದು ಅವತ್ತೇ.

ಡೋರೀನಳ ಬಯಲು

ಹಾರಿಸುವ ಜಾಗ ಊರಿಂದ ಅರ್ಧ ದಿನದ ದಾರಿ. ಡೋರೀನ್ ಎಂಬ ರೈತ ಹೆಂಗಸಿನ ಬೀಳು ಹೊಲ. ನಮ್ಮ ಶಾಗ್ಯದಿಂದ ಹನೂರಿನವರೆಗಿನ ಹೊಲಗಳ ಬದುಗಳನ್ನೆಲ್ಲ ಕಿತ್ತುಹಾಕಿದರೆ ಎಷ್ಟಾಗುತ್ತದೋ ಅಷ್ಟು, ಅದೂ ಒಬ್ಬಳದೇ. ಅಲ್ಲೇ ಕಾಂಗರೂ ಕಂಡದ್ದು. ಹಿಂಡುಹಿಂಡಾಗಿ ಬಂದು ಪೈರು ಮೇಯುತ್ತವೆ ಎಂದು ಡೋರೀನ್ ಗೋಳು ಹೇಳಿಕೊಂಡಳು. ಗುರುಮಲ್ಲನ ಅಕ್ಕನನ್ನು ಲೊಕ್ಕನಹಳ್ಳಿಗೆ ಕೊಟ್ಟಿದೆ. ಅಲ್ಲಿ ಹಂದಿ, ಆನೆಗೆ ತಗಡು ಬಡಿಯುತ್ತ ಅಟ್ಟಣೆಯ ಮೇಲೆ ಕೂರುವುದನ್ನು ಅವನು ಕೈಸನ್ನೆಯಲ್ಲೇ ತೋರಿಸಿದ. ಇಬ್ಬರಿಗೂ ಒಂದಕ್ಷರ ಭಾಷೆ ಬರುತ್ತಿರಲಿಲ್ಲ, ಅರ್ಧ ಗಂಟೆ ಮಾತಾಡಿದರು.

ಗುಂಡಿ ಒತ್ತುವವಳೂ ಡೋರೀನಳೇ. ಪರೀಕ್ಷಕ ಬ್ರೂಸ್, ಹಿಂದೆ ಹೆಡ್‌ಮಾಸ್ತರಾಗಿದ್ದವನು. ಬಯಲಿನಲ್ಲಿ ನೂರು ಜನ ಇದ್ದರೂ ಅವನು ಬಂದರೆ ಜನ ಬೆನ್ನು ನೆಟ್ಟಗೆ ಮಾಡಿಕೊಳ್ಳುತ್ತಿದ್ದರು. ಅವನ ಕೈಯಲ್ಲಿ ನಲವತ್ತಮೂರು ಪ್ರಶ್ನೆಗಳ ಪಟ್ಟಿ ಇತ್ತು. ಬ್ಯಾಟರಿ ಸರಿಯಿದೆಯೇ, ಹಗ್ಗ ಗಟ್ಟಿಯಿದೆಯೇ, ಮೂತಿ ಸಡಿಲವಾಗಿದೆಯೇ. ಕೀತ್, ಮೇಲೆ ಹೋದಾಗ ಪ್ಯಾರಾಚೂಟನ್ನು ಹೊರಗೆ ದಬ್ಬುವ ಯಂತ್ರದ ತಂತಿ ಸಿಕ್ಕಿಸುವ ಕೆಲಸದಲ್ಲಿದ್ದ. ಬಟ್ಟೆ ಮಡಿಸಿ ಒಳಗಿಡುವುದನ್ನು ನನಗೆ ವಹಿಸಿದ.

"ಪ್ಯಾರಾಚೂಟು ಮಡಿಸಿದ್ದಾಯಿತೇ?" ಎಂದು ಬ್ರೂಸ್ ಓದಿದ.

ಆಯಿತು ಎಂದೆ.

"ಬೆಂಕಿ ತಾಗದ ಹೊದಿಕೆ ಸುತ್ತಿದ್ದಾಯಿತೇ?"

ಆಯಿತು.

ಅತಿಥಿಗಳಿಗೆ ಮರ್ಯಾದೆಯೆಂದು ಹಾರಿಸುವ ಮುಂಚಿನ ಎಣಿಕೆಯನ್ನು ಕನ್ನಡದಲ್ಲೇ ಮಾಡಿ ಎಂದರು. ಐವತ್ತು ವರ್ಷ ಮಂಡಿಯಲ್ಲಿ ಕೂಗಿ ಪಳಗಿದ ಗುರುಮಲ್ಲನ ಕೈಗೆ ಮೈಕು ಕೊಟ್ಟೆವು. ಐದರಿಂದ ಕೆಳಗೆ ಎಣಿಸಬೇಕು ಎಂದು ಅವನಿಗೆ ಹೇಳಿದೆ. ಕೊನೆಗೆ "ಒಂದು" ಎಂಬ ಮಾತು ಕೇಳುತ್ತಲೇ ಒತ್ತಬೇಕು ಎಂದು ಡೋರೀನಳಿಗೆ ಹೇಳಿ, ಅವಳ ಅಂಗೈ ಮೇಲೆ ಇಂಗ್ಲಿಷ್ ಅಕ್ಷರದಲ್ಲಿ ಬರೆದೂ ಕೊಟ್ಟೆ.

"ಐದು," ಎಂದ ಗುರುಮಲ್ಲ. ಜನ ಚಪ್ಪಾಳೆ ತಟ್ಟಿದರು. "ನಾಕು. ಮೂರು. ಎಲ್ಡು. ಲಾಭ."

ಏನೂ ಆಗಲಿಲ್ಲ.

ನಮ್ಮ ಕಡೆ ಭತ್ತ ಅಳೆಯುವವರು ಮೊದಲನೆಯ ಕೊಳಗಕ್ಕೆ ಒಂದು ಅನ್ನುವುದಿಲ್ಲ, ಲಾಭ ಅನ್ನುತ್ತಾರೆ. ಲಾಭ, ಎರಡು, ಮೂರು. ಗುರುಮಲ್ಲ ಐವತ್ತು ವರ್ಷದಲ್ಲಿ ಎಣಿಸುವಾಗ ಒಂದು ಎಂದವನೇ ಅಲ್ಲ. ಡೋರೀನ್ ಅಂಗೈ ನೋಡಿಕೊಂಡಳು, ಅವನ ಬಾಯಿ ನೋಡಿದಳು. "ಲಾಭ," ಎಂದ ಅವನು, ಇನ್ನೂ ಗಟ್ಟಿಯಾಗಿ. ಅವಳು ಒತ್ತಲಿಲ್ಲ. ಮಂಡಿಯಲ್ಲಿ ಲಾಭ ಆದ ಮೇಲೆ ಏನು ಬರುತ್ತದೋ ಅದೇ ಅವನ ಬಾಯಿಗೆ ಬಂತು. "ಎಲ್ಡು. ಮೂರು. ನಾಕು," ಎಂದು ಮೇಲಕ್ಕೆ ಎಣಿಸತೊಡಗಿದ. ಹತ್ತಿರವಿದ್ದವರು ಇದೇ ಪದ್ಧತಿ ಇರಬೇಕೆಂದು ಸುಮ್ಮನೆ ಕಾದರು.

ಅವನು ಒಂಬತ್ತಕ್ಕೆ ಬಂದಿದ್ದಾಗ ನನ್ನ ನಾಲಿಗೆಗೆ ಏನೋ ತಗುಲಿತು. ಹಲ್ಲಿನ ಸಂದಿಯಲ್ಲಿ ಒಂದು ಚೂರು ರೇಷ್ಮೆ ಎಳೆ.

ನಮ್ಮ ಮನೆಯಲ್ಲಿ ಮಗ್ಗದಿಂದ ಇಳಿಸಿದ ಬಟ್ಟೆಯನ್ನು ಮಡಿಸಿದ ಮೇಲೆ, ಅದರದೇ ಎಳೆಯಿಂದ ಅಡ್ಡ ಸುತ್ತಿ ಗಂಟು ಹಾಕಿ, ಉಳಿದ ತುದಿಯನ್ನು ಹಲ್ಲಿನಲ್ಲಿ ಕಡಿಯುತ್ತೇವೆ. ಕೊಂಡವರು ಬಿಚ್ಚಿಕೊಳ್ಳುವವರೆಗೆ ಮಡಿಕೆ ಕೆಡಬಾರದು ಎಂದು. ನನ್ನ ತಂದೆ ಹಾಗೆ ಮಾಡುತ್ತಿದ್ದರು, ನಾನೂ ಸಾವಿರಾರು ಸಲ ಮಾಡಿದ್ದೇನೆ. ಅವತ್ತು ಬೆಳಿಗ್ಗೆಯೂ ಮಾಡಿದ್ದೆ. ಪ್ಯಾರಾಚೂಟನ್ನು ಮೂರು ಸುತ್ತು ಬಿಗಿದು, ಒಳ್ಳೆಯ ಗಂಟು ಹಾಕಿ, ರಾಕೆಟ್ಟಿನ ಹೊಟ್ಟೆಯೊಳಗೆ ಇಟ್ಟಿದ್ದೆ. ನಲವತ್ತಮೂರು ಪ್ರಶ್ನೆಗಳಲ್ಲಿ, ಇದನ್ನು ಕಟ್ಟಿಹಾಕಿಲ್ಲ ತಾನೇ ಎಂಬ ಪ್ರಶ್ನೆ ಇರಲಿಲ್ಲ. ಅಂಥದೊಂದು ಪ್ರಶ್ನೆ ಬೇಕಾದೀತೆಂದು ಅದನ್ನು ಬರೆದವರಿಗೆ ಹೊಳೆದಿರಲಾರದು.

ಮೊದಲು ನನ್ನ ತಲೆಗೆ ಬಂದದ್ದು ಬಾಯಿ ಮುಚ್ಚಿಕೊಂಡಿರುವ ಯೋಚನೆ. ರಾಕೆಟ್ಟು ನೆಲಕ್ಕೆ ನಾಟಿಕೊಂಡರೆ ಗಂಟು ಮಣ್ಣಿನೊಳಗೆ ಹೋಗುತ್ತದೆ, ಕೀತನ ಹಣೆಬರಹ ಅನ್ನುತ್ತಾರೆ. ಬಾಯಿ ಬಿಟ್ಟರೆ, ಪ್ಯಾರಾಚೂಟಿಗೆ ಗಂಟು ಹಾಕಿದ ಪೆದ್ದ ಕೊಳ್ಳೇಗಾಲದವನು ಎಂದು ನೂರು ಜನರೆದುರು ಆಗುತ್ತದೆ. ಅಷ್ಟರಲ್ಲಿ ಕೀತನನ್ನು ನೋಡಿದೆ. ಅವನು ಟೋಪಿ ತೆಗೆದು ಎದೆಗೆ ಹಿಡಿದು, ಕಣ್ಣು ಮುಚ್ಚಿ ನಿಂತಿದ್ದ. ನಾನು ಎರಡೂ ಕೈ ಎತ್ತಿ, "ನಿಲ್ಸಿ, ಒತ್ಬೇಡಿ," ಎಂದು ಕನ್ನಡದಲ್ಲೇ ಕೂಗುತ್ತ ಡೋರೀನಳ ಮುಂದೆ ಓಡಿದೆ.

ಅದೇ ಬಯಲು, ಮಧ್ಯಾಹ್ನ

ಡೋರೀನ್ ಗುಂಡಿಯ ಪೆಟ್ಟಿಗೆಯಿಂದ ಬೀಗದ ಕೈ ತೆಗೆದಳು, ಕೀತ್ ಹೋಗಿ ಯಂತ್ರ ಆರಿಸಿದ, ರಾಕೆಟ್ಟನ್ನು ಮಲಗಿಸಿ ಮೂತಿ ಬಿಚ್ಚಿದರು. ಅಚ್ಚುಕಟ್ಟಾಗಿ ಕಟ್ಟಿದ ಹಳದಿ ಪೊಟ್ಟಣ ಹೊರಗೆ ಬಂತು. ಯಾರೂ ನಗಲಿಲ್ಲ, ಅದೇ ನನಗೆ ಹೆಚ್ಚು ನೋವಾದದ್ದು.

"ನೀನು ಇದನ್ನು ಕಟ್ಟಿದೆಯಾ?" ಎಂದ ಕೀತ್.

"ಕಟ್ಟಿದೆ. ನನ್ನದೇ ತಪ್ಪು," ಎಂದೆ. ಅವನು ನನ್ನ ಭುಜದ ಮೇಲೆ ಕೈಯಿಟ್ಟ, ಬೈಯಲಿಲ್ಲ.

ಬ್ರೂಸ್ ತನ್ನ ಪುಸ್ತಕ ತಿರುವಿ ನೋಡಿ, ಗುಂಡಿ ಒತ್ತಿಲ್ಲವಾದ್ದರಿಂದ ಇದನ್ನು ಹಾರಾಟವೆಂದು ಎಣಿಸುವಂತಿಲ್ಲ, ಆದ್ದರಿಂದ ಸೋಲೂ ಅಲ್ಲ ಎಂದು ತೀರ್ಪು ಕೊಟ್ಟ. ಯಾರೋ ಕತ್ತರಿ ತಂದರು. ಬೇಡವೆಂದೆ, ಎಳೆ ಬಟ್ಟೆಗೆ ಕಚ್ಚಿಕೊಂಡಿತ್ತು, ಕತ್ತರಿಯ ತುದಿ ತಗುಲಿದರೆ ರೇಷ್ಮೆ ಸೀಳುತ್ತದೆ. ಹಾಗಾದರೆ ನೀನೇ ಬಿಚ್ಚು ಎಂದರು. ನನ್ನ ಬೆರಳು ಆಗ ಕೀತನ ಬೆರಳಿಗಿಂತ ಹೆಚ್ಚು ನಡುಗುತ್ತಿತ್ತು. ನೇಯ್ದವನು ಬಿಚ್ಚಬಾರದು, ಪಡೆದವರೇ ಬಿಚ್ಚಬೇಕು ಎಂದು ಪದ್ಧತಿಯ ನೆಪ ಹೇಳಿದೆ. ಕೀತ್ ಮಂಡಿಯೂರಿ ಕೂತ. ಅವನ ಉಗುರಿಗೆ ಗಂಟು ಸಿಗಲಿಲ್ಲ. ಕನ್ನಡಕ ಬದಲಾಯಿಸಿದ, ಆಗಲೂ ಸಿಗಲಿಲ್ಲ. ಗಾಳಿ ಏಳುತ್ತಿತ್ತು, ಗಾಳಿ ಜೋರಾದರೆ ಆ ದಿನದ ಹಾರಾಟವೇ ಬಂದ್ ಎಂದು ಬ್ರೂಸ್ ಗಡಿಯಾರ ನೋಡಿದ.

ಹಿಂದೆ ಮಡಿಸುವ ಕುರ್ಚಿಯಲ್ಲಿ ಕೂತು ಹೆಣೆಯುತ್ತಿದ್ದ ಮೊರೀನ್ ಎದ್ದು ಬಂದಳು. ಗಂಟನ್ನು ನೋಡಿದಳು, ಗಂಡನನ್ನು ನೋಡಿದಳು. "ಹೆಂಡತಿ ಬಿಚ್ಚಿದರೆ ನಡೆಯುತ್ತದೆಯೇ?" ಎಂದು ಕೇಳಿದಳು.

ನಾನು ಗುರುಮಲ್ಲನಿಗೆ ಕನ್ನಡದಲ್ಲಿ ಹೇಳಿದೆ. ಅವನು ಪಂಚಾಯಿತಿಯಲ್ಲಿ ನ್ಯಾಯ ಹೇಳುವವನಂತೆ ಗಂಟಲು ಸರಿಮಾಡಿಕೊಂಡ. "ಎಂಡ್ರು ಬಿಚ್ಚುದ್ರೆ ಇನ್ನೂ ಒಳ್ಳೇದು ಕಣವ್ವ. ಬಿಚ್ಚಿ."

ಅವಳು ಕ್ರೋಶಾ ಕಡ್ಡಿಯ ಕೊಕ್ಕೆಯನ್ನು ಗಂಟಿನೊಳಗೆ ತೂರಿಸಿ ಒಂದೇ ಸಲ ಎತ್ತಿದಳು. ಬಟ್ಟೆ ಅವಳ ಮಡಿಲಿನಲ್ಲಿ ಅರಳಿಕೊಂಡಿತು. ಅವಳು ಅಂಚನ್ನು ಒಂದು ಸಲ ಸವರಿ ಕುರ್ಚಿಗೆ ಹೋಗಿ ಕೂತಳು.

ಈ ಸಲ ಬ್ರೂಸನೇ ನಿಂತು ನೋಡಿದ, ನಾನು ಮಡಿಸಿದೆ, ಕಟ್ಟಲಿಲ್ಲ. ಎಣಿಕೆಯ ವಿಷಯದಲ್ಲಿ ಗುರುಮಲ್ಲ ಜಗ್ಗಲಿಲ್ಲ. "ಒಂದು ಅನ್ನಾಕಿಲ್ಲ. ಏನಾರಾ ಎಚ್ಚುಕಮ್ಮಿ ಆದ್ರೆ ಯಾರ್ ಜವಾಬ್ದಾರಿ?" ಹಾಗಾಗಿ ಡೋರೀನಳ ಅಂಗೈ ಒರೆಸಿ, ಲಾಭ ಅಂದಾಗ ಗುಂಡಿ ಒತ್ತಿ ಎಂದು ಹೊಸದಾಗಿ ಹೇಳಿಕೊಟ್ಟೆ. ಅದರ ಅರ್ಥ ಕೇಳಿ ಅವಳಿಗೆ ಬಹಳ ಹಿಡಿಸಿತು. ಪಕ್ಕದವರಿಗೂ ಹೇಳಿದಳು. ಐದು, ನಾಕು, ಮೂರು, ಎಲ್ಡು ಗುರುಮಲ್ಲನೊಬ್ಬನೇ ಅಂದ. ಕೊನೆಯದನ್ನು ಬಯಲೆಲ್ಲ ಅಂದಿತು.

ರಟ್ಟು ಎಂದಿದ್ದೆವಲ್ಲ, ಅದು ಹೋದ ರಭಸಕ್ಕೆ ನನ್ನ ಎದೆಗೂಡು ಅದುರಿತು. ಹೊಗೆಯ ಗೆರೆ ಎಳೆದುಕೊಂಡು ಹೋಗಿ ಸೂಜಿಯಷ್ಟಾಯಿತು, ಆಮೇಲೆ ಅದೂ ಇಲ್ಲ. ಕೀತ್ ಮೇಲೆ ನೋಡಲಿಲ್ಲ, ನನ್ನ ಮುಖ ನೋಡುತ್ತಿದ್ದ. ಎಲ್ಲೋ ಮೇಲೆ ಟಪ್ ಎಂದು ಸಣ್ಣ ಸದ್ದಾಯಿತು. ನೀಲಿಯಲ್ಲಿ ಒಂದು ಅರಿಶಿನದ ಬೊಟ್ಟು, ಸುತ್ತ ಕೆಂಪು ಅಂಚು. "ಬಿಚ್ಕತು ಕಣ್ಲಾ," ಎಂದು ಗುರುಮಲ್ಲ ನನ್ನ ಬೆನ್ನಿಗೆ ಗುದ್ದಿದ. ನಾನು ಅತ್ತುಬಿಟ್ಟೆ.

ಅದು ಡೋರೀನಳ ಕುರಿ ಮಂದೆಯ ನಡುವೆ ಇಳಿಯಿತು. ನಾವು ಹೋಗುವಷ್ಟರಲ್ಲಿ ಕುರಿಗಳು ಅದರ ಸುತ್ತ ನಿಂತು ಮೂಸುತ್ತಿದ್ದವು. ಬ್ರೂಸ್ ಅವುಗಳನ್ನು ಸರಿಸಿ, ಕಾಗದ ತೆಗೆದು ಪರೀಕ್ಷೆಗೆ ನಿಂತ. ಕೊಳವೆ ಸರಿಯಿದೆ. ರೆಕ್ಕೆ ಮೂರೂ ಸರಿಯಿವೆ. ಮೂತಿಗೆ ಮಣ್ಣು ಮಾತ್ರ. ಕೊನೆಗೆ ಪ್ಯಾರಾಚೂಟು. ಅವನು ಅದನ್ನು ಎತ್ತಿ ನನ್ನ ಕೈಗೆ ಕೊಟ್ಟ.

"ನನಗೆ ರೇಷ್ಮೆ ಗೊತ್ತಿಲ್ಲ. ಬೆಳಿಗ್ಗೆ ಯಾರೂ ಕೇಳದಿದ್ದರೂ ನಿನ್ನ ತಪ್ಪನ್ನು ನೀನೇ ಹೇಳಿದವನು. ನಿನ್ನ ಮಾತು ಸಾಕು. ಬಟ್ಟೆಯಲ್ಲಿ ಹಾನಿ ಇದೆಯೇ?"

ಮೊರೀನ್ ಬಂದು ಕೀತನ ಪಕ್ಕ ನಿಂತಿದ್ದಳು. ನಾನು ಒಂದೊಂದು ತುಂಡನ್ನೂ ಬಿಸಿಲಿಗೆ ಹಿಡಿದು, ಹೆಬ್ಬೆರಳಲ್ಲಿ ಸವರುತ್ತ ನೋಡಿದೆ. ಸುಟ್ಟಿಲ್ಲ. ಹರಿದಿಲ್ಲ. ಆರನೆಯ ತುಂಡಿನಲ್ಲಿ, ಅಂಚಿನ ಹತ್ತಿರ, ಹೆಬ್ಬೆರಳು ತಾನಾಗಿಯೇ ನಿಂತಿತು. ಹೊಕ್ಕಿನ, ಅಂದರೆ ಅಡ್ಡ ನೂಲಿನ, ಒಂದು ಎಳೆ ಇರಲಿಲ್ಲ. ಗೇಣುದ್ದ, ಸಣ್ಣ ಗೆರೆ. ಅದು ರಾಕೆಟ್ಟು ಮಾಡಿದ್ದಲ್ಲ. ಕೊಳ್ಳೇಗಾಲದಲ್ಲಿ, ನನ್ನ ಮಗ್ಗದಲ್ಲಿ, ನನ್ನ ಕೈಯಲ್ಲೇ ತಪ್ಪಿದ್ದು. ನಲವತ್ತು ವರ್ಷದಲ್ಲಿ ಅಂಥ ಬಟ್ಟೆಯನ್ನು ನಾನು ಮನೆಯಿಂದ ಆಚೆ ಕಳಿಸಿದವನಲ್ಲ.

ಒಬ್ಬ ಮನುಷ್ಯ ಒಂದು ದಿನದಲ್ಲಿ ಎಷ್ಟು ಸಲ ತಪ್ಪೊಪ್ಪಿಕೊಳ್ಳಬೇಕು?

"ರಾಕೆಟ್ಟಿನಿಂದ ಆದ ಹಾನಿ ಒಂದೂ ಇಲ್ಲ," ಎಂದೆ.

ಬ್ರೂಸ್ ಕಾಗದಕ್ಕೆ ಸಹಿ ಹಾಕಿದ. ಮೊರೀನ್ ಗಂಡನ ತೋಳು ಹಿಡಿದುಕೊಂಡಳು, ಜನ ಬಂದು ಅವನನ್ನು ಮುತ್ತಿಕೊಂಡರು. ನಾನು ಬಟ್ಟೆಯನ್ನು ಇನ್ನೂ ಹಾಗೇ ಹಿಡಿದು ನಿಂತಿದ್ದೆ. ಗುರುಮಲ್ಲ ಪಕ್ಕಕ್ಕೆ ಬಂದ. ಐವತ್ತು ವರ್ಷ ಅಕ್ಕಿಯಲ್ಲಿ ಕಲ್ಲು ಹುಡುಕಿದ ಕಣ್ಣು ಅವನದು. ನನ್ನ ಹೆಬ್ಬೆರಳನ್ನು ನೋಡಿದ, ಅದರ ಕೆಳಗಿದ್ದ ಗೆರೆಯನ್ನು ನೋಡಿದ, ಬ್ರೂಸನ ಕಡೆ ತಿರುಗಿ ಹಲ್ಲು ಕಿರಿದ.

"ಮಡುಚ್ಲಾ ಬೇಗ," ಎಂದ.